ಆರಡಿ ರೀಲು

ಕೊಲೆ ಯಾರು ಮಾಡಿದರೆಂದು ನನಗೆ
ಶುಕ್ರವಾರ ಮಾರ್ನಿಂಗ್ ಶೋನಲ್ಲೇ ಗೊತ್ತು.
ಒಂದು ಟಾರ್ಚು, ಎರಡು ಸೆಲ್ಲು, ಗಾಜಿಗೆ ಕೆಂಪು ಕಾಗದ:
ಇಷ್ಟೇ ನನ್ನ ಉದ್ಯೋಗ.
ದಾವಣಗೆರೆಯ ಅರ್ಧ ಊರನ್ನು
ಕತ್ತಲಲ್ಲಿ ಕೈ ಹಿಡಿಯದೆ ಕೂರಿಸಿದ್ದೇನೆ.

ಇಪ್ಪತ್ತು ವರ್ಷ ನಿಂತೇ ನೋಡಿದವನಿಗೆ
ಹೆದರಿಕೆಯ ಲೆಕ್ಕ ಬಾಯಿಪಾಠ.
ಮೊದಲು ಬೆಕ್ಕು ಹಾರುತ್ತದೆ. ಎಲ್ಲರೂ ನಗುತ್ತಾರೆ.
ನಕ್ಕ ಬಾಯಿ ಮುಚ್ಚುವ ಮುಂಚೆ ಕೈ ಬರುತ್ತದೆ,
ಕೈಗೆ ಕಪ್ಪು ಗ್ಲೌಸು, ಮುಖ ಇರುವುದಿಲ್ಲ.
ಬಾಗಿಲಿಗೆ ಎಣ್ಣೆ ಬಿಡುವವರು ಆ ಬಂಗಲೆಯಲ್ಲಿ ಯಾರೂ ಇಲ್ಲ.
ಫೋನು ಎತ್ತಿದರೆ ಬರೀ ಉಸಿರು.
ಮಾಲಿಯ ಮುಖ ಹತ್ತಿರದಿಂದ ತೋರಿಸಿದರೋ,
ಪಾಪ, ಮಾಲಿ ಏನೂ ಮಾಡಿಲ್ಲ.
ಮೂಲೆಯಲ್ಲಿ ಚಹಾ ಕುಡಿಯುತ್ತಾ ಕೂತಿರುತ್ತಾನಲ್ಲ
ಸಜ್ಜನ ಡಾಕ್ಟರು,
ಅವನ ಮೇಲೊಂದು ಕಣ್ಣಿಡಿ.

ಪಿಟೀಲು ಕೊಯ್ಯತೊಡಗಿದರೆ ಭಯವಿಲ್ಲ.
ಪಿಟೀಲು ನಿಂತರೆ,
ಗಾಂಧಿ ಕ್ಲಾಸಿನಲ್ಲಿ ಕಡಲೆಕಾಯಿ ಒಡೆಯುವ ಸದ್ದೂ ನಿಂತರೆ,
ಆಗ ನಾನು ಗೋಡೆಗೆ ಬೆನ್ನು ಕೊಡುತ್ತೇನೆ,
ಗೊತ್ತಿದ್ದೂ.

ಆ ಹೆಂಗಸು ಬರತೊಡಗಿದ್ದು ಎರಡನೇ ವಾರ.
ಸೆಕೆಂಡ್ ಶೋ. ಒಬ್ಬಳೇ.
ಕಂಬದ ಪಕ್ಕದ ಸೀಟು, ಯಾರೂ ಕೇಳದ್ದು.
ಇಂಟರ್‌ವಲ್ ಗಂಟೆಗೆ ಎದ್ದು ಹೋದರೆ
ಮತ್ತೆ ಬರುವುದಿಲ್ಲ.
ಒಂದು ದಿನ ಅಲ್ಲ, ಒಂಬತ್ತು ದಿನ.

ಟಾರ್ಚಿನವನ ತಲೆಯೂ ಸಿನಿಮಾ ತಿಂದೇ ಬೆಳೆದದ್ದು.
ಯಾರಿಗೋ ಕಾಯುತ್ತಿದ್ದಾಳೆ ಅಂದುಕೊಂಡೆ.
ಕೈಚೀಲದಲ್ಲಿ ಏನಿದೆ ಅಂದುಕೊಂಡೆ.
ಕೈ ಜಾರಿದ ಹಾಗೆ ಮಾಡಿ ಒಮ್ಮೆ ಬೆಳಕು ಬಿಟ್ಟೆ:
ಒಂದು ಬೀಗದ ಕೈ, ಮಂಡಕ್ಕಿ ಪೊಟ್ಟಣ,
ಗಂಡಸರ ಕನ್ನಡಕದ ಡಬ್ಬಿ.
ಡಬ್ಬಿ! ಎದೆಯೊಳಗೆ ಪಿಟೀಲು.

ಆಮೇಲೆ ಪರದೆ ಬಿಟ್ಟು ಅವಳನ್ನೇ ನೋಡಿದೆ.
ಬೆಕ್ಕಿಗೆ ಬೆಚ್ಚಲಿಲ್ಲ. ಕೈಗೆ ಬೆಚ್ಚಲಿಲ್ಲ.
ಕನ್ನಡಿಯಲ್ಲಿ ಚಾಕು ಹೊಳೆದಾಗ ಮಂಡಕ್ಕಿ ತಿನ್ನುತ್ತಿದ್ದಳು.
ನಮ್ಮೂರ ಸ್ಟೇಷನ್ನಿನಲ್ಲೇ ತೆಗೆದ ಓಟದ ಸೀನು ಬಂತು:
ರೇನ್‌ಕೋಟಿನವನು ಮುಂದೆ, ಹೀರೋ ಹಿಂದೆ,
ಗೂಡ್ಸು ಗಾಡಿಯ ಹೊಗೆ.
ಅವಳು ಕನ್ನಡಕ ಹಾಕಿಕೊಂಡಳು.
ಓಡುವವರನ್ನು ನೋಡಲಿಲ್ಲ.
ಅವರಾಚೆ, ಪರದೆಯ ಎಡ ತುದಿಯಲ್ಲಿ,
ಮಿಲ್ಲಿನ ಖಾಕಿ ತೊಟ್ಟ ಒಬ್ಬ
ಸೈಕಲ್ಲಿಗೆ ಚೈನು ಹಾಕಲು ಬಗ್ಗಿದವನು
ತಲೆ ಎತ್ತಿ, ಕ್ಯಾಮರಾ ನೋಡಿ,
ನಗಬೇಕೋ ಬೇಡವೋ ಎಂದು
ಅಷ್ಟೇ. ನಾಲ್ಕು ಸೆಕೆಂಡು.
"ತಿಪ್ಪೇಶಿ" ಅಂದಳು, ಊಟಕ್ಕೆ ಕರೆದ ಹಾಗೆ.

ಆಪರೇಟರ್ ಇಮಾಂಸಾಬನಿಗೆ ಈ ಮಾತು
ಹೇಳೋಣ ಹೇಳೋಣ ಎಂದೇ ಎರಡು ದಿನ ಹೋಯಿತು.
ಬುಧವಾರ ಮ್ಯಾಟಿನಿಯಲ್ಲಿ ಐದನೇ ರೀಲು
ಗೇಟಿನಲ್ಲಿ ಕಚ್ಚಿಕೊಂಡು ಸುಟ್ಟಿತು.
ಹಾಳಾದಷ್ಟು ಕತ್ತರಿಸಿ, ಸಿಮೆಂಟು ಹಚ್ಚಿ, ಒತ್ತಿ ಅಂಟಿಸಿದ.
"ಆರಡಿ ಹೋತು ಹಾಲೇಶಿ, ಕಥಿಗೇನೂ ಕಮ್ಮಿ ಆಗಿಲ್ಲ."
ನಿಜ, ಆಗಿರಲಿಲ್ಲ.
ರೇನ್‌ಕೋಟಿನವನು ಒಂದು ಕಂಬದಿಂದ
ಇನ್ನೊಂದಕ್ಕೆ ನೆಗೆದದ್ದು ಯಾರಿಗೂ ತಿಳಿಯಲಿಲ್ಲ.

ಅವತ್ತು ಗಂಟೆ ಹೊಡೆದರೂ ಅವಳು ಏಳಲಿಲ್ಲ.
ಮೆಣಸಿನಕಾಯಿ ಬಜ್ಜಿಯ ವಾಸನೆ ಒಳಗೆ ಬಂತು, ಹೋಯಿತು.
ಮುಂದೆಲ್ಲಾದರೂ ಬರಬಹುದು ಎಂದು ಕೂತಳೇನೋ.
ಎರಡನೇ ಹೆಣ, ಸುಳ್ಳು ಸಾಕ್ಷಿ, ಕರೆಂಟು ಹೋದ ಬಂಗಲೆ,
ಎಲ್ಲ ಮೊದಲ ಸಲ ನೋಡಿದಳು, ಕನ್ನಡಕ ತೆಗೆಯದೆ.
ಕೊನೆಗೆ ಡಾಕ್ಟರು ಗ್ಲೌಸು ಕಳಚಿದ.
ಜನ ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ಬಾಗಿಲ ಹತ್ತಿರ ನಿಂತು ಕೇಳಿದಳು:
"ಆ ಡಾಕ್ಟರೇ ಏನಪ್ಪಾ ಎಲ್ಲಾ ಮಾಡಿದ್ದು?"
ಹೂಂ ಅಂದೆ.
"ನೋಡಿದ್ರೆ ಹಂಗ ಕಾಣ್ಸಲ್ಲ."

ಮತ್ತೆ ಬರಲಿಲ್ಲ.

ಕ್ಯಾಬಿನ್ನಿನ ಕಸ ತಡಕಿದೆ. ಗುಡಿಸುವ ಹುಡುಗ
ತುಂಡುಗಳನ್ನೆಲ್ಲ ಶಾಲೆ ಮಕ್ಕಳಿಗೆ ಮಾರಿಬಿಟ್ಟಿದ್ದ,
ಹತ್ತು ಪೈಸೆಗೆ ಮೂರು.
ಒಂದೇ ಒಂದು ಸಿಕ್ಕಿತು, ಅಂಚು ಸುಟ್ಟದ್ದು.
ಕೆಂಪು ಕಾಗದ ಕಿತ್ತು ಟಾರ್ಚಿನ ಬೆಳಕಿಗೆ ಹಿಡಿದೆ:
ಸೈಕಲ್ಲಿನ ಚಕ್ರ, ಬಗ್ಗಿದ ಬೆನ್ನು.
ತಲೆ ಇನ್ನೂ ಎತ್ತಿಲ್ಲ.